ಎಲೆ, ಹಣ್ಣು, ಬೇರು: ಮೇಣದ ತಡೆಗಳನ್ನು ನಾನು ನೋಡಿದ ಬಗೆ

ಶುರು ಮಾಡೋದಾದರೆ ಎಲೆಕೋಸಿನಿಂದ ಶುರು ಮಾಡಿ. ನಾನೂ ಹಾಗೇ ಮಾಡಿದ್ದು. ಹೊರಗಿನ ಎಲೆಗಳ ಮೇಲೆ ನೀಲಿ-ಬಿಳಿ ಹುಡಿ ಇರುತ್ತದಲ್ಲ, ಅದು ಧೂಳಲ್ಲ, ಮೇಣ. 29 ಇಂಗಾಲ ಸಾಲಾಗಿ ಸೇರಿಕೊಂಡ ಉದ್ದ ಸರಪಳಿಗಳು ಅದರಲ್ಲಿ ಜಾಸ್ತಿ. ಅವು ಎಲೆಯ ಮೇಲೆ ಪುಟ್ಟ ಪುಟ್ಟ ಹರಳುಗಳಾಗಿ ಎದ್ದು ನಿಂತಿರುತ್ತವೆ. ಅರ್ಧ ಎಲೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದೆ, ಇನ್ನರ್ಧ ಮುಟ್ಟಲಿಲ್ಲ. ಎರಡೂ ಕಡೆ ಒಂದೊಂದು ಹನಿ ನೀರು ಬಿಟ್ಟೆ. ಮುಟ್ಟದ ಕಡೆ ಹನಿ ಗುಂಡಗೆ ನಿಂತು, ಎಲೆ ಸ್ವಲ್ಪ ವಾಲಿಸಿದ್ದೇ ತಡ, ಉರುಳಿ ಹೋಯಿತು. ಉಜ್ಜಿದ ಕಡೆ ಚಪ್ಪಟೆಯಾಗಿ ಅಂಟಿಕೊಂಡಿತು.

ಆದರೆ ಇಷ್ಟು ನೋಡಿ ಗಿಡದ ನೀರು ಉಳಿಸೋದು ಈ ಹುಡಿಯೇ ಅಂದುಕೊಳ್ಳಬೇಡಿ. ಹೊರಗಿನ ಹನಿ ಜಾರಿಸೋದು ಒಂದು ಕೆಲಸ, ಒಳಗಿನ ನೀರು ಆವಿಯಾಗದ ಹಾಗೆ ತಡೆಯೋದು ಬೇರೆ ಕೆಲಸ. ಎಲೆಯ ಹೊರಪೊರೆಗೆ, ಅಂದರೆ ಕ್ಯೂಟಿಕಲ್‌ಗೆ, ಕ್ಯೂಟಿನ್ ಅನ್ನೋ ಒಂದು ಬಲೆ ಆಧಾರ. 16 ಇಲ್ಲವೇ 18 ಇಂಗಾಲದ ಕೊಬ್ಬಿನಾಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆ ಬಲೆ ಆಗುತ್ತದೆ. ಆ ಬಲೆಯ ಒಳಗೂ ಮೇಣ ತುಂಬಿರುತ್ತದೆ, ಮೇಲೂ ಇರುತ್ತದೆ. ಎಷ್ಟೋ ಗಿಡಗಳಲ್ಲಿ ಆವಿ ತಡೆಯೋ ನಿಜವಾದ ಕೆಲಸ ಒಳಗೆ ತುಂಬಿಕೊಂಡ ಮೇಣದ್ದು. ದ್ರಾವಕ ಹಾಕಿ ಮೇಣವನ್ನೆಲ್ಲ ಕರಗಿಸಿಬಿಟ್ಟರೆ ಕ್ಯೂಟಿನ್ ಬಲೆ ಇದ್ದೂ ಪ್ರಯೋಜನ ಇಲ್ಲ, ನೀರು ಹತ್ತಾರು, ನೂರಾರು ಪಟ್ಟು ಜೋರಾಗಿ ಸೋರುತ್ತದೆ. ಪೊರೆ ದಪ್ಪ ಇದ್ದರೆ ತಡೆಯೂ ಜಾಸ್ತಿ ಅನ್ನೋ ಲೆಕ್ಕವೂ ಇಲ್ಲಿ ನಡೆಯೋದಿಲ್ಲ.

ಪೊರೆ ಎಲ್ಲಿ ಹರಿದಿದೆ ಅಂತ ನೋಡೋಕೆ ಟಾಲುಡೀನ್ ನೀಲಿ ಬಣ್ಣ ಸಾಕು. ನೀರಲ್ಲಿ ತೆಳ್ಳಗೆ, 0.05% ಕಲಸಿ, ಎಲೆಯನ್ನು ಒಂದೆರಡು ನಿಮಿಷ ಮುಳುಗಿಸಿ ತೊಳೆದರೆ ಆಯಿತು. ಗಟ್ಟಿ ಪೊರೆಯ ಎಲೆ ಹಸಿರಾಗಿಯೇ ಇರುತ್ತದೆ. ಸೂಜಿ ಮೊನೆ ತಾಗಿದ ಕಡೆ ಮಾತ್ರ ಕಡುನೀಲಿ ಚುಕ್ಕಿ.

ಹಣ್ಣಿಗೆ ನಾನು ಆರಿಸಿಕೊಂಡದ್ದು ಟೊಮೆಟೊ. ಅದರ ಸಿಪ್ಪೆಯಲ್ಲಿ ಪತ್ರರಂಧ್ರಗಳೇ ಇಲ್ಲ, ಪೊರೆಯೂ ಸುಮಾರು 10 ಮೈಕ್ರೋಮೀಟರ್ ದಪ್ಪ. ಸಿಪ್ಪೆ ಸುಲಿದು, ತಿರುಳನ್ನು ಬ್ಲೇಡಿನ ಬೆನ್ನಿನಿಂದ ಕೆರೆದು, ಪೆಕ್ಟಿನೇಸ್ ಮತ್ತು ಸೆಲ್ಯುಲೇಸ್ ಕಿಣ್ವ ಬೆರೆಸಿದ ಹುಳಿ ದ್ರಾವಣದಲ್ಲಿ ಕೆಲವು ದಿನ ಬಿಟ್ಟೆ. ಕಿಣ್ವಗಳು ಜೀವಕೋಶದ ಗೋಡೆಯನ್ನು ತಿಂದು ಹಾಕುತ್ತವೆ, ಕ್ಯೂಟಿನ್ ಅವುಗಳ ಹಲ್ಲಿಗೆ ಸಿಗೋದಿಲ್ಲ. ಕೊನೆಗೆ ಉಳಿದದ್ದು ತೆಳು ಹಳದಿಯ, ಆಚೆ ಕಡೆ ಕಾಣುವಂಥ ಹಾಳೆ. ಒಳಮೈ ಮೇಲ್ಮಾಡಿ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಂದೊಂದು ಕೋಶ ಕೂತಿದ್ದ ಜಾಗವೂ ಸಣ್ಣ ಗುಂಡಿಯಾಗಿ ಕಾಣುತ್ತದೆ, ಕೋಶಗಳ ನಡುವೆ ಕ್ಯೂಟಿನ್ ಬೆಣೆ ಹೊಡೆದ ಹಾಗೆ ಇಳಿದಿರುತ್ತದೆ. ಈ ಬಲೆಯ ಹೆಣಿಗೆ ಕೋಶದ ಒಳಗೆ ನಡೆಯೋದಿಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. ಬಿಡಿ ತುಂಡುಗಳು ಹೊರಗೆ ಬಂದ ಮೇಲೆ, ಅಲ್ಲಿಯೇ ಇರುವ ಒಂದು ಕಿಣ್ವ ಅವನ್ನು ಜೋಡಿಸುತ್ತದೆ. ಟೊಮೆಟೊದಲ್ಲಿ ಆ ಕಿಣ್ವ ಸಿಕ್ಕಿದ್ದು 2012ರಲ್ಲಿ.

ಬೇರಿನ ಕಥೆಯೇ ಬೇರೆ. ನೀರು ಹೀರಬೇಕಾದ ಎಳೆ ಬೇರಿಗೆ ಮೈತುಂಬ ಮೇಣ ಬಳಿದರೆ ಅದರ ಕೆಲಸವೇ ನಿಂತುಹೋಗುತ್ತದೆ, ಅಲ್ವಾ? ಹಾಗಾಗಿ ಮುಖ್ಯ ತಡೆ ಒಳಗಿದೆ, ಎಂಡೋಡರ್ಮಿಸ್ ಅನ್ನೋ ಒಂದೇ ಸಾಲು ಕೋಶಗಳಲ್ಲಿ. ಈರುಳ್ಳಿಯನ್ನು ನೀರಿನ ಲೋಟದ ಬಾಯಿ ಮೇಲೆ ಕೂರಿಸಿ ಬೇರು ಬರಿಸಿದೆ. ತುದಿಯಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಹೊಸ ಬ್ಲೇಡಿನಲ್ಲಿ ಆದಷ್ಟು ತೆಳುವಾಗಿ ಅಡ್ಡ ಕೊಯ್ದೆ. 0.1% ಬರ್ಬರೀನ್ ಅನ್ನೋ ಹೊಳೆಯುವ ಬಣ್ಣದಲ್ಲಿ ಒಂದು ಗಂಟೆ, ತೊಳೆದು 0.5% ಅನಿಲೀನ್ ನೀಲಿಯಲ್ಲಿ ಅರ್ಧ ಗಂಟೆ, ಆಮೇಲೆ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ, ಅಂದರೆ ವಿಶೇಷ ಬೆಳಕು ಬಿಟ್ಟು ಬಣ್ಣ ಹೊಳೆಯೋದನ್ನು ತೋರಿಸುವಂಥದ್ದು. ಕೊಯ್ತ ಒಂದು ಕಡೆ ತೆಳು, ಒಂದು ಕಡೆ ದಪ್ಪ ಬಂದರೂ ಬೇಸರ ಬೇಡ, ತೆಳುವಾದ ಅಂಚಿನಲ್ಲಿ ಸುಮ್ನೆ ಹುಡುಕಿ. ಕಪ್ಪು ಹಿನ್ನೆಲೆಯಲ್ಲಿ ಉಂಗುರದ ಹಾಗೆ ಹಳದಿ ಚುಕ್ಕಿಗಳು ಹೊಳೆಯುತ್ತವೆ, ಅಕ್ಕಪಕ್ಕದ ಎರಡು ಕೋಶಗಳ ನಡುವಿನ ಗೋಡೆಯಲ್ಲಿ ಒಂದೊಂದು. ಅದೇ ಕ್ಯಾಸ್ಪರಿ ಪಟ್ಟಿ. 1865ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ರಾಬರ್ಟ್ ಕ್ಯಾಸ್ಪರಿ ವಿವರಿಸಿದ್ದು.

ಕೋಶಗಳ ಸಂದಿಯಲ್ಲಿ ನುಸುಳಿ ಬಂದ ನೀರು, ಉಪ್ಪು ಎಲ್ಲ ಈ ಪಟ್ಟಿ ಹತ್ತಿರ ನಿಲ್ಲಲೇಬೇಕು. ಮುಂದೆ ಹೋಗಬೇಕಾದರೆ ಕೋಶದ ಒಳಗಿನಿಂದಲೇ ಹೋಗಬೇಕು, ಅಲ್ಲಿ ಯಾವುದನ್ನು ಬಿಡಬೇಕು ಅಂತ ಗಿಡ ತೀರ್ಮಾನಿಸುತ್ತದೆ. ಈ ಪಟ್ಟಿಯೂ ಮೇಣದಂಥದ್ದೇ ಅಂತ ತುಂಬಾ ಜನ ಬರೆಯುತ್ತಾರೆ. ಆದರೆ ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಬಳಸೋ ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ ಅದು ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡೋ ವಸ್ತು, ಅಂತ 2012ರಲ್ಲಿ ಗೊತ್ತಾಯಿತು. ಕೊಬ್ಬಿನ ಜಾತಿಯ ಸುಬರಿನ್ ಬರೋದು ಆಮೇಲೆ, ಬೇರು ಬಲಿತಾಗ, ಕೋಶವನ್ನು ಸುತ್ತಲೂ ಮುಚ್ಚುವ ಪದರವಾಗಿ. ಅದಕ್ಕೆ ಸೂಡಾನ್ ಕೆಂಪು, ಅಂದರೆ ಕೊಬ್ಬಿನಂಥ ವಸ್ತುಗಳಿಗೆ ಹಿಡಿಯುವ ಬಣ್ಣ, ಹಾಕಿದರೆ ಕೋಶದ ಸುತ್ತ ಕೆಂಪು ಗೆರೆ ಕಾಣುತ್ತದೆ. ಕೆಲವು ಕೋಶಗಳನ್ನು ಮುಚ್ಚದೆ ದಾರಿಗೆಂದು ಬಿಟ್ಟಿರುತ್ತದೆ. ಈ ಪದರ ಒಮ್ಮೆ ಬಂದರೆ ಮುಗಿಯಿತು ಅಂತಲೂ ಇಲ್ಲ. ಅರಾಬಿಡಾಪ್ಸಿಸ್‌ನಲ್ಲಿ ಉಪ್ಪು ಜಾಸ್ತಿಯಾದರೆ ಸುಬರಿನ್ ಹೆಚ್ಚುತ್ತದೆ, ಕಬ್ಬಿಣ, ಸತು, ಮ್ಯಾಂಗನೀಸ್ ಕಡಿಮೆಯಾದರೆ ಇಳಿಯುತ್ತದೆ.

ಫ್ಲೋರೆಸೆನ್ಸ್ ಇಲ್ಲದವರಿಗೆ ಆಲೂಗಡ್ಡೆ ಒಳ್ಳೆಯದು. ಎರಡು ಹೋಳು ಮಾಡಿ ಒಂದನ್ನು ತೇವ ಇರುವ ಡಬ್ಬಿಯಲ್ಲಿ, ಇನ್ನೊಂದನ್ನು ಒಣ ಗಾಳಿಯಲ್ಲಿ ಇಟ್ಟೆ. ಒಣಗಾಳಿಯದ್ದು ಕುಗ್ಗಿ ಬಿರುಕು ಬಿಟ್ಟಿತು, ಸುಬರಿನ್ ಮಾಡೋ ಮೊದಲೇ ಮೇಲಿನ ಕೋಶಗಳು ಸತ್ತಿದ್ದವು. ಡಬ್ಬಿಯದ್ದರ ಮೇಲೆ ಒರಟಾದ ಹೊಸ ಚರ್ಮ ಕಟ್ಟಿತು. ಅದನ್ನು ಅಡ್ಡ ಕೊಯ್ದು ಸೂಡಾನ್‌ನಲ್ಲಿ ಅದ್ದಿದರೆ ಅಂಚಿನ ಕೋಶಗಳು ಒಂದೊಂದಾಗಿ ಕೆಂಪು ಚೌಕಟ್ಟು ಕಟ್ಟಿಕೊಂಡಿರುತ್ತವೆ, ಒಳಗಿನ ಪಿಷ್ಟದ ಕೋಶಗಳಿಗೆ ಬಣ್ಣವೇ ಇಲ್ಲ.

ಕೆಲವು ಸೇಬಿನ ಮೇಲೆ ಕಂದು ಒರಟು ಕಲೆ ಇರುತ್ತದಲ್ಲ, ಅದನ್ನೂ ಹೀಗೇ ಕೊಯ್ದು ನೋಡಿದೆ. ಹಣ್ಣು ಹಿಗ್ಗುವಾಗ ಪೊರೆ ಸಣ್ಣಗೆ ಸೀಳಿದರೆ ಅದರ ಕೆಳಗೆ ಸುಬರಿನ್ ತುಂಬಿದ ತೊಗಟೆ ಬೆಳೆಯುತ್ತದೆ. ನುಣುಪಾದ ಕಡೆ ಕೋಶಗಳ ನೆತ್ತಿಯ ಮೇಲೆ ಮಾತ್ರ ಒಂದೇ ಕೆಂಪು ಗೆರೆ, ಅದು ಹೊರಪೊರೆಯದ್ದು; ಒರಟು ಕಡೆ ಆಲೂಗಡ್ಡೆಯ ಗಾಯದಲ್ಲಿದ್ದಂಥದ್ದೇ ಕೆಂಪು ಚೌಕಟ್ಟುಗಳ ಸಾಲು.