ದೆಹಲಿಯ ಹಳೇ ಕಾರು ದಾವಣಗೆರೆಗೆ: ದುಡ್ಡು ಕೊಡುವ ಮೊದಲೇ ಮುಗಿಸಬೇಕಾದ ಕೆಲಸ

ಹರಿಹರದ ಪರಿಚಯದವರೊಬ್ಬರು ಒಂದು ದಿನ ಕಾಗದಗಳ ಕವರ್ ಹಿಡಿದು ಮನೆಗೆ ಬಂದರು. ದೆಹಲಿಯಿಂದ ಡೀಸೆಲ್ ಕಾರು ತರಿಸಿದ್ದರು. ಮೂರು ಲಕ್ಷ ಕೊಟ್ಟಿದ್ದರು. ಅದೇ ಕಾರಿಗೆ ಇಲ್ಲಿ ಐದು ಲಕ್ಷ ಹೇಳುತ್ತಾರೆ. ಆದರೆ ಎಂಟು ತಿಂಗಳಾದರೂ ಕಾರು ದೆಹಲಿಯ ಡಿಎಲ್ ನಂಬರಿನಲ್ಲೇ ನಿಂತಿತ್ತು. ಎನ್‌ಒಸಿಯಲ್ಲಿ, ಅಂದರೆ ಕಾರನ್ನು ಬೇರೆ ಕಡೆ ನೋಂದಾಯಿಸಲು ಹಳೇ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರದಲ್ಲಿ, ಬೆಂಗಳೂರಿನ ಆರ್‌ಟಿಒ ಹೆಸರಿತ್ತು. ಮಾರಿದವರು ಫೋನ್ ಎತ್ತುತ್ತಿರಲಿಲ್ಲ. ಇಲ್ಲಿ ಕಟ್ಟಬೇಕಾದ ಟ್ಯಾಕ್ಸ್ ಎಷ್ಟು ಎಂದು ಅವರಿಗೆ ಅವತ್ತಿನವರೆಗೂ ಯಾರೂ ಹೇಳಿರಲಿಲ್ಲ.

ಇಂಥ ಕವರ್ ಹಿಡಿದು ಬಂದವರಲ್ಲಿ ಅವರು ನಾಲ್ಕನೆಯವರು. ನಾಲ್ವರೂ ಎಡವಿದ್ದು ಒಂದೇ ಕಡೆ. ಮೊದಲು ದುಡ್ಡು ಕೊಟ್ಟರು, ಆಮೇಲೆ ಕಾಗದ ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೆಹಲಿ ಕಾರು ಅಗ್ಗ ಯಾಕೆ ಎನ್ನುವುದು ಮೊದಲು ಗೊತ್ತಿರಲಿ. ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ, 15 ವರ್ಷ ದಾಟಿದ ಪೆಟ್ರೋಲ್ ವಾಹನ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೂ ಕೋರ್ಟಿನಲ್ಲಿ ಈ ವಿಷಯ ಹಿಂದೆ ಮುಂದೆ ಆಗುತ್ತಲೇ ಇದೆ. ಈ ಭಯಕ್ಕೆ ಅಲ್ಲಿನವರು ಒಂಬತ್ತನೇ ವರ್ಷಕ್ಕೇ ಕಾರು ಮಾರಲು ಹೊರಡುತ್ತಾರೆ. ದೆಹಲಿಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಹುಬ್ಬಳ್ಳಿ ದಾಟಿ ನೇರ ನಮ್ಮ ದಾವಣಗೆರೆ, ಚಿತ್ರದುರ್ಗದ ಮೇಲೇ ಹೋಗುತ್ತದೆ. ದಾರಿ ಒಂದೇ ಆದರೂ ಕಾನೂನಿನ ಲೆಕ್ಕದಲ್ಲಿ ಆ ಕಾರು ಬೇರೆ ರಾಜ್ಯದ್ದು.

ದುಬೈ, ಜಪಾನ್ ಕಾರಿನ ಆಸೆ ಇದ್ದರೆ

ಇದನ್ನೂ ತುಂಬಾ ಜನ ಕೇಳುತ್ತಾರೆ. ಮಗ ಗಲ್ಫ್‌ನಲ್ಲಿದ್ದಾನೆ, ಅಲ್ಲಿ ಹಳೇ ಕಾರು ಅಗ್ಗ, ತರಿಸಬಹುದಾ ಎಂದು. ಆರೇಳು ವರ್ಷ ಹಳೆಯದಾದರೆ ಆಗುವುದಿಲ್ಲ. ಹೊರದೇಶದ ಬಳಸಿದ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು. ಲೆಕ್ಕ ಹಿಡಿಯುವುದು ತಯಾರಾದ ದಿನದಿಂದ, ನಿಮ್ಮ ಮಗ ಕೊಂಡ ದಿನದಿಂದ ಅಲ್ಲ. ಸ್ಟೇರಿಂಗ್ ಬಲಗಡೆ ಇರಬೇಕು. ದುಬೈ ಕಾರುಗಳ ಸ್ಟೇರಿಂಗ್ ಎಡಗಡೆ, ಮಾತು ಅಲ್ಲೇ ಮುಗಿಯಿತು. ಸ್ಪೀಡೋಮೀಟರ್ ಕಿಲೋಮೀಟರ್ ಲೆಕ್ಕದಲ್ಲಿರಬೇಕು. ಹೆಡ್‌ಲೈಟಿನ ಬೆಳಕು ಎಡಬದಿಯಲ್ಲಿ ಗಾಡಿ ಓಡಿಸುವ ರಸ್ತೆಗೆ ಹೊಂದಬೇಕು. ಇನ್ನೂ ಐದು ವರ್ಷ ಓಡುವಷ್ಟು ಗಟ್ಟಿ ಇದೆ ಎನ್ನುವ ಭರವಸೆ ಬೇಕು. ಹಡಗು ಹತ್ತುವ ಮೊದಲು ಒಂದು ಪ್ರಮಾಣಪತ್ರ, ಇಳಿದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ. ಇಷ್ಟೆಲ್ಲ ಆದ ಮೇಲೆ ಕಟ್ಟುವ ಸುಂಕವೇ ಕಾರಿನ ಬೆಲೆಗಿಂತ ಜಾಸ್ತಿ.

ಈ ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ಮಿತಿ ಇಡದ ದೇಶಕ್ಕೆ ಬೇರೆಯವರು ಬೇಡ ಎಂದು ಬಿಟ್ಟ ಗಾಡಿಗಳೆಲ್ಲ ಬಂದು ಬೀಳುತ್ತವೆ. ಕೀನ್ಯಾ ಕೂಡ ಎಂಟು ವರ್ಷ ದಾಟಿದ ಕಾರನ್ನು ಒಳಗೆ ಬಿಡುವುದಿಲ್ಲ. ಹಂಪಿ ಕಡೆ ಎಡಗಡೆ ಸ್ಟೇರಿಂಗಿನ ವಿದೇಶಿ ಗಾಡಿ ಕಂಡರೆ ಅದನ್ನು ನಂಬಿ ಹೊರಡಬೇಡಿ. ಪ್ರವಾಸಿಗರು ತಾತ್ಕಾಲಿಕ ಪರವಾನಗಿಯ ಮೇಲೆ ತಂದಿರುತ್ತಾರೆ, ವಾಪಸ್ ಒಯ್ಯಲೇಬೇಕು.

ಇನ್ನು ದೆಹಲಿ ಕಾರಿಗೆ ಬರೋಣ.

ಮೊದಲ ಹೆಜ್ಜೆ: ಕಾರಿನ ವಯಸ್ಸು

ಆರ್‌ಸಿಯಲ್ಲಿ (ನೋಂದಣಿ ಪತ್ರ) ತಯಾರಾದ ತಿಂಗಳು, ವರ್ಷ ಇರುತ್ತದೆ. ನೋಂದಣಿ ದಿನ ಬೇರೆ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ. ಖಾಸಗಿ ಕಾರಿನ ನೋಂದಣಿ ನಡೆಯುವುದು 15 ವರ್ಷ. 13 ವರ್ಷದ ಕಾರು ತಂದರೆ ಇಲ್ಲಿ ನಿಮಗೆ ಉಳಿಯುವುದು ಎರಡೇ ವರ್ಷ. ಆಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ) ಮಾಡಿಸಿ ಐದು ವರ್ಷಕ್ಕೆ ಮತ್ತೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಆಮದು ಕಾರಾದರೆ 20 ವರ್ಷದ ಮೇಲೆ 80,000.

ಎಂಟು ವರ್ಷ ದಾಟಿದ ಡೀಸೆಲ್ ಕಾರನ್ನು ದೂರದಿಂದ ತರಲೇಬೇಡಿ. ಇದು ನನ್ನ ಗಟ್ಟಿ ಮಾತು. ಪೆಟ್ರೋಲ್ ಆದರೆ ಹತ್ತರವರೆಗೆ ನೋಡಬಹುದು.

ಎರಡನೇ ಹೆಜ್ಜೆ: ಮೊಬೈಲಿನಲ್ಲೇ ತಪಾಸಣೆ

ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಂದಣಿ ಚಾಲ್ತಿಯಲ್ಲಿದೆಯಾ, ಸಾಲ ಇದೆಯಾ, ಚಲನ್ ಬಾಕಿ ಇದೆಯಾ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಜಾಲತಾಣದಲ್ಲಿ ಕದ್ದ ಗಾಡಿಯಾ ಎಂದೂ ನೋಡಬಹುದು. ಅರ್ಧ ಗಂಟೆಯ ಕೆಲಸ.

ಮೂರನೇ ಹೆಜ್ಜೆ: ಟ್ಯಾಕ್ಸ್ ಲೆಕ್ಕ

ಎಲ್ಲರೂ ಬೀಳುವ ಗುಂಡಿ ಇದು. ಇಲ್ಲಿ ನಿಧಾನಕ್ಕೆ ಓದಿ.

ದೆಹಲಿಯಲ್ಲಿ ಟ್ಯಾಕ್ಸ್ ಕಟ್ಟಿದ್ದು ದೆಹಲಿಗೆ. ಕಾರು ಕರ್ನಾಟಕದ ನಂಬರಿಗೆ ಬರಬೇಕಾದರೆ ಇಲ್ಲಿನ ಲೈಫ್ ಟೈಮ್ ಟ್ಯಾಕ್ಸ್ ಬೇರೆಯಾಗಿ ಕಟ್ಟಬೇಕು. 'ಮೂರು ಲಕ್ಷದ ಕಾರು ಅಲ್ವಾ, ಮೂರು ಲಕ್ಷಕ್ಕೆ ತಕ್ಕ ಟ್ಯಾಕ್ಸ್' ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಕಾರು ಹೊಸದಿದ್ದಾಗ ಎಷ್ಟು ಬೆಲೆ ಇತ್ತೋ ಅದರ ಮೇಲೆ ಲೆಕ್ಕ. ನೀವು ಕೊಟ್ಟ ದುಡ್ಡು ಇಲ್ಲಿ ಬರುವುದೇ ಇಲ್ಲ.

ನಮ್ಮ ರಾಜ್ಯದಲ್ಲಿ ಐದು ಲಕ್ಷದೊಳಗಿನ ಹೊಸ ಕಾರಿಗೆ ನೂರಕ್ಕೆ 13, ಹತ್ತು ಲಕ್ಷದವರೆಗೆ 14, ಇಪ್ಪತ್ತು ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಇದರ ಮೇಲೆ ಸೆಸ್. ಹೊರರಾಜ್ಯದ ಹಳೇ ಕಾರಿಗೆ ವಯಸ್ಸು ಹೆಚ್ಚಿದಂತೆ ಇದರಲ್ಲಿ ಒಂದು ಪಾಲು ಕಡಿಮೆ ಮಾಡುತ್ತಾರೆ, ಆದರೆ ಪೂರ್ತಿ ಬಿಡುವುದಿಲ್ಲ.

ಒಂದು ಲೆಕ್ಕ ಹಾಕಿ. ಹೊಸದಿದ್ದಾಗ 12 ಲಕ್ಷದ ಕಾರು. ನೂರಕ್ಕೆ 17 ಅಂದರೆ 2,04,000. ವಯಸ್ಸಿಗೆಂದು ಅರ್ಧ ಬಿಟ್ಟರು ಅಂತಲೇ ಇಟ್ಟುಕೊಳ್ಳಿ, ಆಗಲೂ 1,02,000. ಸೆಸ್ ಬೇರೆ. ಹರಿಹರದವರು ಎರಡು ಲಕ್ಷ ಉಳಿಸಿದೆ ಎಂದುಕೊಂಡಿದ್ದರು. ಅರ್ಧಕ್ಕಿಂತ ಜಾಸ್ತಿ ಇಲ್ಲೇ ಹೋಯಿತು. ಲಾರಿ ಬಾಡಿಗೆ, ಓಡಾಟ, ಟಯರ್, ಬ್ಯಾಟರಿ ಸೇರಿಸಿದರೆ ಉಳಿದದ್ದೂ ಹೋಯಿತು. 30 ಲಕ್ಷದ ದೊಡ್ಡ ಗಾಡಿಯನ್ನು ಆರು ಲಕ್ಷಕ್ಕೆ ತಂದವರ ಸ್ಥಿತಿ ಇದಕ್ಕಿಂತ ಕಷ್ಟ. 30 ಲಕ್ಷಕ್ಕೆ ನೂರಕ್ಕೆ 18 ಅಂದರೆ 5,40,000. ಅರ್ಧ ಬಿಟ್ಟರೂ 2,70,000.

ಅದಕ್ಕೆ ಹೊಸದಾಗಿ ಕೊಂಡಾಗಿನ ಇನ್‌ವಾಯ್ಸ್ ಪ್ರತಿ ಮಾರುವವರಿಂದ ಕೇಳಿ. ಆರ್‌ಸಿ ಪ್ರತಿಯನ್ನೂ ಅದನ್ನೂ ಹಿಡಿದು ನಿಮ್ಮ ಊರಿನ ಆರ್‌ಟಿಒ ಆಫೀಸಿಗೆ ನೀವೇ ಹೋಗಿ. ಟ್ಯಾಕ್ಸ್ ಎಷ್ಟಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಏಜೆಂಟ್ ಬಾಯಿಮಾತಿನ ಅಂದಾಜು ಬೇಡ. ಆ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿ ಇಲ್ಲಿನ ಕೆಎ ನಂಬರಿನ ಕಾರಿನ ಬೆಲೆಯ ಪಕ್ಕ ಇಟ್ಟು ನೋಡಿ. ಐವತ್ತು ಸಾವಿರದ ಒಳಗಿನ ಉಳಿತಾಯಕ್ಕೆ ದೆಹಲಿ ಕಾರು ಬೇಡ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಓಡಾಡಿ, ಇಲ್ಲಿನ ಕಾರೇ ತೆಗೆದುಕೊಳ್ಳಿ. ಸರ್ವಿಸ್ ಮಾಡಿದ ಮೇಸ್ತ್ರಿಯಾದರೂ ಸಿಗುತ್ತಾರೆ.

ನಾಲ್ಕನೇ ಹೆಜ್ಜೆ: ಎನ್‌ಒಸಿ

ಗಾಡಿ ನೋಂದಣಿಯಾದ ಆರ್‌ಟಿಒ ಕೊಡುವ ಕಾಗದ ಇದು. ಫಾರಂ 28ರಲ್ಲಿ ಅರ್ಜಿ. ಅರ್ಜಿ ಹಾಕಬೇಕಾದವರು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು. ನಡುವಿನ ಡೀಲರ್ ಎಷ್ಟೇ ಭರವಸೆ ಕೊಡಲಿ, ಮಾಲೀಕರ ಜೊತೆ ಒಮ್ಮೆಯಾದರೂ ನೀವೇ ಮಾತಾಡಿ.

ಕಾರು ಯಾವ ಆರ್‌ಟಿಒಗೆ ಹೋಗುತ್ತದೆ ಎಂದು ಅರ್ಜಿಯಲ್ಲಿ ಬರೆಯಬೇಕು. ನೀವು ದಾವಣಗೆರೆಯವರಾದರೆ ಕೆಎ 17, ಚಿತ್ರದುರ್ಗದವರಾದರೆ ಕೆಎ 16. ಅಲ್ಲಿನ ಡೀಲರ್‌ಗೆ ಕರ್ನಾಟಕ ಅಂದರೆ ಬೆಂಗಳೂರು. ಸುಮ್ನೆ ಬಾಯಲ್ಲಿ ಹೇಳಿದರೆ ಬೆಂಗಳೂರೇ ಬರೆಯುತ್ತಾರೆ. ಅದನ್ನು ತಿದ್ದಿಸಲು ಮತ್ತೆ ದೆಹಲಿ ಮಾಲೀಕರ ಕೈಕಾಲು ಹಿಡಿಯಬೇಕು. ಹಾಗಾಗಿ ನಂಬರ್ ಸಹಿತ ಬರೆದು ಕಳಿಸಿ, ಅರ್ಜಿ ಸಲ್ಲಿಸುವ ಮೊದಲು ಅದರ ಫೋಟೋ ತರಿಸಿಕೊಳ್ಳಿ. ಚಾಸಿ ನಂಬರ್, ಎಂಜಿನ್ ನಂಬರ್ ಒಂದೊಂದು ಅಕ್ಷರವನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಸೊನ್ನೆ ಇರಬೇಕಾದ ಕಡೆ 'ಓ' ಅಕ್ಷರ ಬಂದು ಮೂರು ತಿಂಗಳು ನಿಂತ ಕಾರು ನನಗೆ ಗೊತ್ತು.

ಆರ್‌ಸಿಯಲ್ಲಿ ಬ್ಯಾಂಕ್ ಹೆಸರಿದ್ದರೆ ಮೊದಲು ಎಚ್‌ಪಿ, ಅಂದರೆ ಸಾಲದ ನಮೂದು, ಕ್ಯಾನ್ಸಲ್ ಆಗಬೇಕು. ಅದಕ್ಕೆ ಫಾರಂ 35, ಬ್ಯಾಂಕಿನ ಪತ್ರ. ಸಾಲ ತೀರಿ ವರ್ಷಗಳಾಗಿದ್ದರೂ ಹೆಸರು ತೆಗೆಸಿರುವುದಿಲ್ಲ.

ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಮಾಲೀಕರ ಸಹಿ ಕಾರು ಹೊರಡುವ ಮೊದಲೇ ಆಗಲಿ. ದುಡ್ಡನ್ನು ಎರಡು ಕಂತು ಮಾಡಿ. ಸ್ವಲ್ಪ ಮುಂಗಡ ಕೊಡಿ, ದೊಡ್ಡ ಕಂತು ಎನ್‌ಒಸಿ ಕೈಗೆ ಬಂದ ಮೇಲೆ. ಇದಕ್ಕೆ ಒಪ್ಪದವರ ಕಾರು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಐದನೇ ಹೆಜ್ಜೆ: ಕಾರು ನೋಡುವುದು, ತರುವುದು

ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಇದ್ದರೆ ಅದು ನೀರಲ್ಲಿ ಮುಳುಗೆದ್ದ ಕಾರು. ಹೊಗೆ ಕಡಿಮೆ ಮಾಡುತ್ತದೆ ಎಂದು ಡೀಸೆಲ್‌ಗೆ ಸುರಿಯುವ ಬಾಟಲಿಗಳನ್ನು ಮಾರುತ್ತಾರೆ, ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ. ಕಪ್ಪು ಹೊಗೆ ಬರುತ್ತಿದ್ದರೆ ರಿಪೇರಿ ಒಳಗೆ ಆಗಬೇಕು.

ಕಾರನ್ನು ಓಡಿಸಿಕೊಂಡು ಬರಬೇಡಿ, ಲಾರಿಯಲ್ಲಿ ಹಾಕಿಸಿ. ಇನ್ಶೂರೆನ್ಸ್ ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿರುತ್ತದೆ. ದಾರಿಯಲ್ಲಿ ಏನಾದರೂ ಆದರೆ ನಿಮ್ಮ ಕಾರಿನ ನಷ್ಟಕ್ಕೆ ದುಡ್ಡು ಸಿಗುವುದು ಕಷ್ಟ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ.

ಆರನೇ ಹೆಜ್ಜೆ: ಇಲ್ಲಿನ ಆರ್‌ಟಿಒ

'ಹೊರರಾಜ್ಯದ ನಂಬರಿನಲ್ಲಿ ಒಂದು ವರ್ಷ ಓಡಿಸಬಹುದು' ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅರ್ಧ ಮಾತ್ರ ನಿಜ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟರೆ ಹೊಸ ನಂಬರ್ ಮಾಡಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದು ಕೆಲಸಕ್ಕೆಂದು ತನ್ನದೇ ಕಾರಿನೊಂದಿಗೆ ಬಂದವರಿಗೆ ಅನುಕೂಲ. ಕಾರು ಕೊಂಡವರು 30 ದಿನದೊಳಗೆ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಹಾಕಬೇಕು. ಅದು 50ನೇ ಕಲಂ. ಎರಡನ್ನೂ ಬೆರೆಸಿ ಹನ್ನೊಂದು ತಿಂಗಳು ಆರಾಮಾಗಿ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಆ ಗಾಡಿಯಿಂದ ಅಪಘಾತವಾದರೆ ದೆಹಲಿಯ ಯಾರೋ ಒಬ್ಬರು ಕೋರ್ಟಿಗೆ ಅಲೆಯಬೇಕು. ಇದು ತಪ್ಪು.

ಹೊಸ ನಂಬರಿಗೆ ಫಾರಂ 27. ಜೊತೆಗೆ ಎನ್‌ಒಸಿ, ಆರ್‌ಸಿ, 29 ಮತ್ತು 30, ಇನ್ಶೂರೆನ್ಸ್, ಎಮಿಷನ್ ಟೆಸ್ಟ್, ವಿಳಾಸದ ದಾಖಲೆ, ಇನ್‌ವಾಯ್ಸ್, ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಕಾರನ್ನೂ ಒಯ್ಯಬೇಕು, ಇನ್‌ಸ್ಪೆಕ್ಟರ್ ನೋಡುತ್ತಾರೆ. ಚಾಸಿ ನಂಬರಿನ ಜಾಗ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಬಟ್ಟೆ, ಸ್ವಲ್ಪ ಎಣ್ಣೆಯಿಂದ ಒರೆಸಿಡಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಂಕಿ ಸವೆದರೆ ನಂಬರ್ ತಿದ್ದಿದ್ದಾರೆ ಎಂಬ ಅನುಮಾನ ಬರುತ್ತದೆ.

ಎಲ್ಲ ಕಾಗದಗಳ ಎರಡು ಸೆಟ್ ಜೆರಾಕ್ಸ್ ಇಟ್ಟುಕೊಳ್ಳಿ. ಕಟ್ಟಿದ ಟ್ಯಾಕ್ಸಿನ ರಸೀದಿಯನ್ನು ಲ್ಯಾಮಿನೇಷನ್ ಮಾಡಿಸದೆ ಹಾಗೇ ಕವರಿನಲ್ಲಿಡಿ. ರಸೀದಿ ಥರ್ಮಲ್ ಕಾಗದದ್ದಾದರೆ ಬಿಸಿಗೆ ಕಾಗದವೇ ಕಪ್ಪಾಗುತ್ತದೆ.

ಕೊನೆಗೆ ನಂಬರ್ ಪ್ಲೇಟ್

ಹೊಸ ನಂಬರ್ ಬಂದ ಮೇಲೆ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ) ಪ್ಲೇಟನ್ನು ಸರ್ಕಾರ ಹೇಳಿದ ಜಾಲತಾಣದಿಂದಲೇ ತರಿಸಿ. ರಸ್ತೆ ಬದಿಯಲ್ಲಿ ಅಶೋಕ ಚಕ್ರದ ಸ್ಟಿಕ್ಕರ್ ಅಂಟಿಸಿ ಕೊಡುವ ಪ್ಲೇಟ್ ನೋಡಲು ಹಾಗೇ ಇರುತ್ತದೆ, ಆದರೆ ಅದರ ಗುರುತಿನ ಸಂಖ್ಯೆ ಯಾವ ದಾಖಲೆಯಲ್ಲೂ ಇರುವುದಿಲ್ಲ. ಫಾಸ್ಟ್ಯಾಗ್ ಹಳೇ ನಂಬರಿನದ್ದೇ ಗಾಜಿನ ಮೇಲೆ ಉಳಿದಿರುತ್ತದೆ. ಕಿತ್ತು ಹಾಕಿ, ಹೊಸ ಆರ್‌ಸಿ ಕೊಟ್ಟು ಬೇರೆ ತೆಗೆದುಕೊಳ್ಳಿ. ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲ್ ದಾಟುವ ಮೊದಲೇ ಅದು ಆಗಿರಲಿ.