ಮೆಲಿಯಾಯ್ಡೋಸಿಸ್ ಪತ್ತೆ: ಪ್ಲೇಟ್ ಎಸೆಯುವ ಮೊದಲು ಮೂರು ಆಂಟಿಬಯೋಟಿಕ್ ಬಿಲ್ಲೆ ಇಡಿ

ಅಂಕೋಲಾ, ಕುಮಟಾ ಕಡೆ ಮಳೆಗಾಲದ ಗದ್ದೆಯಲ್ಲಿ ದುಡಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು ಬಿಡದ ಜ್ವರದೊಂದಿಗೆ ಬಂದರೆ, ಯಕೃತ್ತಿನಲ್ಲೋ ಗುಲ್ಮದಲ್ಲೋ ಕೀವು ಕಂಡರೆ, ಮೆಲಿಯಾಯ್ಡೋಸಿಸ್ ನೆನಪಾಗಬೇಕು. ಇದನ್ನು ತರುವುದು ಮಣ್ಣು, ನೀರಿನಲ್ಲಿ ಬದುಕುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲ್ಲೈ ಬ್ಯಾಕ್ಟೀರಿಯಾ. ಲ್ಯಾಬಿನ ಕಲ್ಚರ್ ಪ್ಲೇಟಿನ ಮೇಲೆ ಚೆನ್ನಾಗಿಯೇ ಬೆಳೆದ ಇದಕ್ಕೆ ‘ಸ್ಯೂಡೊಮೊನಾಸ್’ ಎಂದು ಬೇರೊಂದು ಬ್ಯಾಕ್ಟೀರಿಯಾದ ಷರಾ ಬರೆದು ಎಸೆಯುವುದನ್ನು ನೋಡಿ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ರಕ್ತ, ಕೀವು, ಕಫ, ಮೂತ್ರ, ಗಂಟಲಿನ ಸ್ವಾಬ್ ಎಲ್ಲವೂ ಲ್ಯಾಬಿಗೆ ಬರಲಿ. ಚೀಟಿಯಲ್ಲಿ ವೈದ್ಯರು ತಮ್ಮ ಶಂಕೆಯನ್ನು ಬರೆದಿರಲಿ. ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಮಾಧ್ಯಮಗಳಾದ ಬ್ಲಡ್ ಅಗರ್, ಮ್ಯಾಕಾಂಕಿ ಜೊತೆಗೆ, ಈ ಬ್ಯಾಕ್ಟೀರಿಯಾಕ್ಕೆಂದೇ ಇರುವ ಆಶ್‌ಡೌನ್ ಅಗರ್ ಮೇಲೂ ಮಾದರಿ ಹಚ್ಚಿ.

ಮಾರನೆಯ ದಿನ ಕಾಣುವುದು ಸಣ್ಣ, ನಯವಾದ ಕಾಲೊನಿಗಳು (ಬ್ಯಾಕ್ಟೀರಿಯಾ ಗುಂಪುಗಳು) ಮಾತ್ರ. ಆಶ್‌ಡೌನ್ ಮೇಲೆ ನೇರಳೆ ಬಣ್ಣ ಹೀರಿ, ಒಣಗಿ, ಸುಕ್ಕುಗಟ್ಟಲು ಎರಡು ಮೂರು ದಿನ ಬೇಕು. ಕೆಲವೊಮ್ಮೆ ಇನ್ನೂ ಹೆಚ್ಚು. ಪ್ಲೇಟನ್ನು ಒಂದು ವಾರ ಇಟ್ಟುಕೊಳ್ಳಿ. ಮುಚ್ಚಳ ತೆಗೆದು ಮೂಸಲೇಬೇಡಿ. ಶಂಕೆ ಮೂಡಿದೊಡನೆ ಮುಂದಿನ ಕೆಲಸವೆಲ್ಲ ಸೋಂಕು ತಗಲದಂತೆ ಕಾಯುವ ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ.

ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಲಾಬಿ ಕಡ್ಡಿಗಳು ಸೇಫ್ಟಿ ಪಿನ್ನಿನಂತೆ ತುದಿಯಲ್ಲಿ ಗಾಢ, ನಡುವೆ ಬಿಳಿಚು. ಹಾಗೆ ಕಾಣಲಿಲ್ಲವೆಂದು ಕೈಬಿಡಬೇಡಿ. ಆಕ್ಸಿಡೇಸ್ (ಕಾಲೊನಿಗೆ ದ್ರಾವಣ ತಾಗಿಸಿ ನೇರಳೆ ಬಣ್ಣ ಬರುತ್ತದೆಯೇ ಎಂದು ನೋಡುವ ಪರೀಕ್ಷೆ) ಪಾಸಿಟಿವ್ ಬರಬೇಕು. ಈ ಪರೀಕ್ಷೆಗೆ ನೈಕ್ರೋಮ್ ಲೋಹದ ತಂತಿಯ ಲೂಪ್ ಬೇಡ, ಅದು ಸುಳ್ಳು ಫಲಿತಾಂಶ ಕೊಡುತ್ತದೆ. ಮರದ ಕಡ್ಡಿ ಸಾಕು. ತಾನಾಗಿಯೇ ನೇರಳೆಗೆ ತಿರುಗಿದ ಹಳೆಯ ದ್ರಾವಣವನ್ನು ಚೆಲ್ಲಿಬಿಡಿ.

ಇನ್ನು ಎಲ್ಲರೂ ಹಾರಿಸುವ ಹಂತ. ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್-ಕ್ಲಾವುಲಾನೇಟ್ ಎಂಬ ಆಂಟಿಬಯೋಟಿಕ್‌ಗಳ ಬಿಲ್ಲೆಗಳನ್ನು, ಈ ಬ್ಯಾಕ್ಟೀರಿಯಾ ಹಚ್ಚಿದ ಒಂದೇ ಪ್ಲೇಟಿನಲ್ಲಿ ದೂರ ದೂರ ಇಡಿ. ನಮ್ಮ ಬ್ಯಾಕ್ಟೀರಿಯಾ ಮೊದಲೆರಡರ ಅಂಚಿನವರೆಗೂ ಬೆಳೆಯುತ್ತದೆ, ಮೂರನೆಯದರ ಸುತ್ತ ಮಾತ್ರ ಬಯಲು ಬಿಡುತ್ತದೆ. ಸ್ಯೂಡೊಮೊನಾಸ್ ಎರುಜಿನೋಸಾ ಸಾಮಾನ್ಯವಾಗಿ ಕೊಲಿಸ್ಟಿನ್‌ಗೆ ಮಣಿಯುತ್ತದೆ, ಮೂರನೆಯದಕ್ಕೆ ಜಗ್ಗುವುದಿಲ್ಲ. ಮೂರು ಬಿಲ್ಲೆಯ ಖರ್ಚು ಉಳಿಸಲು ಹೋಗಿ ರೋಗಿಯನ್ನು ಕಳೆದುಕೊಳ್ಳಬೇಡಿ.

ಯಂತ್ರ ಹೇಳುವ ಬ್ಯಾಕ್ಟೀರಿಯಾದ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ವಯಂಚಾಲಿತ ಯಂತ್ರಗಳು ಇದನ್ನು ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂದೂ, ಪ್ರೋಟೀನ್ ನೋಡಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಬರ್ಕ್‌ಹೋಲ್ಡೇರಿಯಾ ಥಾಯ್ಲಾಂಡೆನ್ಸಿಸ್ ಎಂದೂ ಹೇಳುವುದುಂಟು. ಬಿಲ್ಲೆಗಳ ಫಲಿತಾಂಶ ಹೊಂದಿದರೆ ಈ ಬ್ಯಾಕ್ಟೀರಿಯಾವನ್ನೇ ಗುರುತಿಸುವ ಲ್ಯಾಟೆಕ್ಸ್ ಪರೀಕ್ಷೆ ಮಾಡಿ, ಅಥವಾ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಸೌಲಭ್ಯವಿರುವ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸಿ.

ದೃಢಪಡುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಆಂಟಿಬಯೋಟಿಕ್ ಅಂದೇ ಶುರುವಾಗಲಿ.