ಕೊನೆಯ ಹಂತ ಮೊದಲು: ಪುಟ್ಟ ಮಕ್ಕಳಿಗೆ ಹೊಸ ಕೆಲಸ ಕಲಿಸುವ ಬಗೆ

ಒಂದು ವರ್ಷ ದಾಟಿದ ಮಗು ದೊಡ್ಡವರು ಮಾಡುವ ಕೆಲಸಕ್ಕೆಲ್ಲ ಕೈ ಹಾಕುತ್ತದೆ. ಚಮಚ ಕಿತ್ತುಕೊಳ್ಳುತ್ತದೆ, ಲೋಟಕ್ಕೆ ಜಗ್ಗಾಡುತ್ತದೆ, ಇನ್ನಷ್ಟು ತಿಂಗಳು ಕಳೆದರೆ ಚಡ್ಡಿ ಹಾಕಲು ಬಂದವರನ್ನು ‘ನಾನೇ’ ಎಂದು ದೂರ ತಳ್ಳುತ್ತದೆ. ಆಗ ಕೆಲಸವನ್ನೆಲ್ಲ ನಾವೇ ಮುಗಿಸಿದರೆ ಮಗು ರಚ್ಚೆ ಹಿಡಿಯುತ್ತದೆ. ಎಲ್ಲವನ್ನೂ ಅದಕ್ಕೇ ಬಿಟ್ಟರೆ ಅರ್ಧದಲ್ಲಿ ಸೋತು ಅಳುತ್ತದೆ. ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಮೊದಲಿನವನ್ನೆಲ್ಲ ನಾವು ಮಾಡಿ, ಕೊನೆಯ ಹಂತವನ್ನು ಮಾತ್ರ ಮಗುವಿಗೆ ಒಪ್ಪಿಸುವುದು ಇವೆರಡಕ್ಕಿಂತ ಒಳ್ಳೆಯ ದಾರಿ. ಹೀಗೆ ಮಾಡಿದಾಗ ಕೆಲಸ ಮುಗಿಯುವುದು ಪ್ರತಿ ಸಲವೂ ಮಗುವಿನ ಕೈಯಲ್ಲೇ, ಆದ್ದರಿಂದ ಮರುದಿನ ಅದು ತಾನಾಗಿಯೇ ಮುಂದೆ ಬರುತ್ತದೆ.

ಚಡ್ಡಿ ಹಾಕಿಕೊಳ್ಳುವುದನ್ನೇ ನೋಡಿ. ಸಡಿಲವಾದ ಎಲಾಸ್ಟಿಕ್ ಇರುವ ಚಡ್ಡಿಯನ್ನು ಆರಿಸಿ, ಮಗುವನ್ನು ಕೂರಿಸಿ ಎರಡೂ ಕಾಲು ತೂರಿಸಿ, ಎಬ್ಬಿಸಿ ನಿಲ್ಲಿಸಿ ತೊಡೆಯ ಮೇಲ್ಭಾಗದವರೆಗೆ ನೀವೇ ಎಳೆಯಿರಿ. ಸೊಂಟಕ್ಕೆ ಏರಿಸುವುದು ಮಾತ್ರ ಮಗುವಿನ ಪಾಲಿಗಿರಲಿ. ಮಕ್ಕಳು ಸಾಮಾನ್ಯವಾಗಿ ಮುಂಭಾಗವನ್ನಷ್ಟೇ ಹಿಡಿದು ಎಳೆಯುವುದರಿಂದ ಹಿಂಭಾಗ ಕುಂಡಿಯ ಮೇಲೆ ಸಿಕ್ಕಿಕೊಳ್ಳುತ್ತದೆ, ಎಷ್ಟು ಎಳೆದರೂ ಮೇಲೇರುವುದಿಲ್ಲ. ಆಗ ನೀವು ಎಳೆದುಕೊಡಬೇಡಿ, ಮಗುವಿನ ಒಂದು ಕೈಯನ್ನು ಹಿಂದಕ್ಕೆ ಒಯ್ದು ಹೆಬ್ಬೆರಳನ್ನು ಎಲಾಸ್ಟಿಕ್ಕಿನ ಒಳಗೆ ಸಿಕ್ಕಿಸಿಕೊಡಿ, ಸಾಕು. ಇದು ರೂಢಿಯಾದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ ಎಳೆಯಲು ಬಿಡಿ. ಕಾಲು ತೂರಿಸುವುದು ಎಲ್ಲಕ್ಕಿಂತ ಕಷ್ಟದ ಹಂತವಾದ್ದರಿಂದ ಅದನ್ನು ಕಡೆಗೆ ಇಟ್ಟುಕೊಳ್ಳಬೇಕು. ಹಾಕಿಕೊಳ್ಳುವುದಕ್ಕಿಂತ ಬಿಚ್ಚುವುದು ಮಕ್ಕಳಿಗೆ ಬೇಗ ಬರುತ್ತದೆ. ಹಾಗಾಗಿ ಮೊಟ್ಟಮೊದಲ ಪಾಠವಾಗಿ, ಹಿಮ್ಮಡಿಯಿಂದ ಕೆಳಗಿಳಿಸಿಟ್ಟ ಕಾಲುಚೀಲವನ್ನು ತುದಿ ಹಿಡಿದು ಕಿತ್ತೊಗೆಯುವ ಕೆಲಸ ಕೊಡಬಹುದು. ಕಿತ್ತೊಗೆಯುವುದೆಂದರೆ ಈ ವಯಸ್ಸಿನವರಿಗೆ ಹೇಗೂ ಹಬ್ಬ.

ಊಟದ ವಿಷಯದಲ್ಲಿ ತಾಳ್ಮೆ ಇನ್ನೂ ಹೆಚ್ಚು ಬೇಕು. ಸುಮಾರು 18 ತಿಂಗಳ ಹೊತ್ತಿಗೆ ಮಕ್ಕಳು ಚಮಚ ಬಳಸಲು ಪ್ರಯತ್ನಿಸುತ್ತಾರೆ, 2 ವರ್ಷದ ಹೊತ್ತಿಗೆ ಹೆಚ್ಚಿನವರು ಅದರಲ್ಲಿ ತಿನ್ನುತ್ತಾರೆ. ಆರಂಭದಲ್ಲಿ ಮಗು ಚಮಚವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಮಣಿಕಟ್ಟನ್ನು ಬೇಕಾದಂತೆ ತಿರುಗಿಸಲು ಬರುವುದಿಲ್ಲ, ಅದಕ್ಕೇ ಬಾಯಿಯ ಹತ್ತಿರ ಬರುತ್ತಿದ್ದಂತೆ ಚಮಚ ಮಗುಚುತ್ತದೆ. ಬೈದು ಇದನ್ನು ಸರಿಪಡಿಸಲಾಗದು. ಹಿಡಿ ಗಿಡ್ಡವೂ ದಪ್ಪವೂ ಆಗಿರುವ ಚಮಚವನ್ನು, ಸುಲಭವಾಗಿ ಜಾರದ ಬಟ್ಟಲನ್ನು ಕೊಟ್ಟು, ಚಮಚಕ್ಕೆ ಅಂಟಿಕೊಳ್ಳುವಷ್ಟು ಗಟ್ಟಿಯಾದ ಆಹಾರದಿಂದ ಶುರುಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ. ಇಲ್ಲಿಯೂ ಅದೇ ಕ್ರಮ: ತುಂಬಿಸಿದ ಚಮಚವನ್ನು ನೀವು ಕೊಡಿ, ಬಾಯಿಗಿಡುವುದನ್ನು ಮಗು ಮಾಡಲಿ, ಬಟ್ಟಲಿನಿಂದ ಎತ್ತಿಕೊಳ್ಳುವುದು ಆಮೇಲಿನ ಮಾತು. ನಾಲ್ಕಾರು ತುತ್ತಿಗೆ ಕೈ ಸೋತರೆ ಉಳಿದದ್ದನ್ನು ನೀವೇ ತಿನ್ನಿಸುವುದರಲ್ಲಿ ತಪ್ಪೇನೂ ಇಲ್ಲ. ಲೋಟದಲ್ಲಿ ಕುಡಿಯಲು ಕಲಿಸುವಾಗ ತಳದಲ್ಲಿ ಎರಡು ಗುಟುಕು ನೀರಿದ್ದರೆ ಸಾಕು, ಚೆಲ್ಲಿದರೂ ಒರೆಸುವುದು ಅಷ್ಟೇ ತಾನೇ. ತಿನ್ನುವಾಗ ಮಗು ಕುಳಿತೇ ಇರಬೇಕು, ಪಕ್ಕದಲ್ಲಿ ದೊಡ್ಡವರಿರಬೇಕು; ಇಡೀ ದ್ರಾಕ್ಷಿ, ಗಟ್ಟಿ ಬೀಜಗಳಂಥವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ 4 ವರ್ಷದೊಳಗಿನ ಮಕ್ಕಳಿಗೆ ಅವನ್ನು ಹಾಗೆಯೇ ಕೊಡಬಾರದು.

ಕಲಿಸುವಾಗ ಮಾತು ಕಡಿಮೆಯಿರಲಿ. ‘ಎಳಿ’, ‘ಕೂತ್ಕೋ’ ಎಂಬಂಥ ಒಂದೇ ಪದವನ್ನು ಪ್ರತಿ ಸಲವೂ ಬದಲಿಸದೆ ಬಳಸಿ, ಹೇಳಿದ ಮೇಲೆ ಕೆಲವು ಕ್ಷಣ ಸುಮ್ಮನಿರಿ; ಕೇಳಿದ್ದನ್ನು ಅರ್ಥ ಮಾಡಿಕೊಂಡು ಕೈಕಾಲು ಆಡಿಸಲು ಮಗುವಿಗೆ ನಮಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬರೀ ‘ಜಾಣ’ ಎನ್ನುವುದಕ್ಕಿಂತ ‘ಸೊಂಟದ ತನಕ ನೀನೇ ಎಳೆದೆ’ ಎಂದರೆ ತಾನು ಮಾಡಿದ್ದೇನೆಂದು ಅದಕ್ಕೆ ತಿಳಿಯುತ್ತದೆ. ಹಸಿವು ಇಲ್ಲವೆ ನಿದ್ದೆ ಏರಿದಾಗ ಯಾವ ಪಾಠವೂ ಬೇಡ. 1ರಿಂದ 2 ವರ್ಷದ ಮಕ್ಕಳಿಗೆ ಹಗಲುನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸಿಗದ ದಿನ ಕಲಿಕೆಗಿಂತ ಹಠವೇ ಹೆಚ್ಚಾಗಿರುತ್ತದೆ. ಹೊರಡುವ ಅವಸರದಲ್ಲೂ ಕಲಿಸಲು ಹೋಗಬೇಡಿ, ಆಗ ‘ಯಾವ ಅಂಗಿ, ಕೆಂಪೋ ನೀಲಿಯೋ?’ ಎಂದು ಕೇಳಿ ಆಯ್ಕೆಯನ್ನು ಮಗುವಿಗೆ ಬಿಟ್ಟು, ತೊಡಿಸುವುದನ್ನು ನೀವೇ ಮುಗಿಸಿ.

ನಡಿಗೆಯನ್ನು ಹೀಗೆ ಹಂತ ಹಂತವಾಗಿ ಕಲಿಸುವ ಅಗತ್ಯವಿಲ್ಲ. ಜಾರದ ನೆಲ, ಬರಿಗಾಲು, ಹಿಡಿದು ನಿಲ್ಲಲು ಅಲುಗದ ಆಸರೆ ಇದ್ದರೆ ಮಗು ತನ್ನ ಪಾಡಿಗೆ ಕಲಿಯುತ್ತದೆ. ಚಕ್ರವಿರುವ ವಾಕರ್ ಮಾತ್ರ ಮನೆಗೆ ಬರುವುದೇ ಬೇಡ: ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯವನ್ನು ತರುತ್ತದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ಮೆಟ್ಟಿಲಿಳಿಯುವುದನ್ನು ಕಲಿಸುವಾಗ ಹೊಟ್ಟೆಯನ್ನು ಮೆಟ್ಟಿಲಿನ ಕಡೆಗಿಟ್ಟು, ಕಾಲು ಮೊದಲು ಕೆಳಗಿಟ್ಟು, ಹಿಮ್ಮುಖವಾಗಿ ಇಳಿಯುವುದನ್ನು ತೋರಿಸಿ. ಚೆನ್ನಾಗಿ ಬರುವವರೆಗೆ ನೀವು ಅದರ ಕೆಳಗಿನ ಮೆಟ್ಟಿಲಲ್ಲೇ ಇರಬೇಕು.

ಶೌಚದ ಅಭ್ಯಾಸಕ್ಕೆ ವಯಸ್ಸಿಗಿಂತ ಲಕ್ಷಣ ಮುಖ್ಯ. ಡೈಪರ್ ಎರಡು ಗಂಟೆಯಷ್ಟಾದರೂ ಒಣಗಿರುವುದು, ಬಂದದ್ದನ್ನು ಮಾತಿನಿಂದಲೋ ಮುಖಭಾವದಿಂದಲೋ ತಿಳಿಸುವುದು, ಹೇಳಿದ ಸಣ್ಣ ಕೆಲಸವನ್ನು ಮಾಡುವುದು, ಇವು ಕಂಡಮೇಲೆ ಆರಂಭಿಸಿದರೆ ಸಲೀಸು. ಬಟ್ಟೆಯಲ್ಲೇ ಆಗಿಬಿಟ್ಟರೆ ಗದರದೆ ಬದಲಿಸಿ.

ಕಾಯಿಲೆ ಬಿದ್ದಾಗ, ಮನೆಗೆ ಇನ್ನೊಂದು ಕೂಸು ಬಂದಾಗ ಮಗು ಕಲಿತ ಕೆಲಸವನ್ನು ಕೆಲವು ದಿನ ಬಿಟ್ಟು ‘ನೀನೇ ಮಾಡು’ ಎನ್ನುವುದುಂಟು. ಆಗ ಒಂದೆರಡು ಹಂತ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿದರಾಯಿತು. ಆದರೆ 18 ತಿಂಗಳಾದರೂ ಆಸರೆಯಿಲ್ಲದೆ ನಡೆಯದಿದ್ದರೆ, 2 ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ, ಆಡುತ್ತಿದ್ದ ಮಾತು ಇಲ್ಲವೆ ಬಂದಿದ್ದ ನಡಿಗೆ ನಿಂತುಹೋದರೆ, ಮನೆಯಲ್ಲೇ ಕಲಿಸುತ್ತಾ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.